ದೊಡ್ಡವರ ತಲೆಯಲ್ಲೂ ಹೇನು ಆಗುತ್ತಾ? ಯಾವ ವಯಸ್ಸಿನವರಿಗೆ ಜಾಸ್ತಿ?

ಸಂಜೆಮಲ್ಲಿಗೆ
ಹೇಗೆ ಕೇಳುವುದು ಅಂತ ತಿಳಿಯದೆ ಮೂರು ದಿನ ಸುಮ್ನೆ ಇದ್ದೆ. ಈಗ ಕೇಳಿಯೇ ಬಿಡುತ್ತೇನೆ. ನನಗೆ 41 ವರ್ಷ. ತಲೆಯಲ್ಲಿ ಹೇನಾಗಿದೆ.

ಹೋದ ತಿಂಗಳು 7 ವರ್ಷದ ಮಗಳಿಗೆ ಆಗಿತ್ತು. ಔಷಧ ಹಾಕಿದೆ, ಬಾಚಿದೆ, ಹೋಯಿತು ಅಂದುಕೊಂಡೆ. ಆಮೇಲೆ ನನ್ನ ತಲೆ ತುರಿಸಲು ಶುರುವಾಯಿತು. ಹೊಟ್ಟು ಇರಬೇಕು ಅಂತ ಶಾಂಪೂ ಬದಲಾಯಿಸಿದೆ. ಮೊನ್ನೆ ರಾತ್ರಿ ಕಿವಿಯ ಹಿಂದೆ ಏನೋ ಹರಿದ ಹಾಗಾಯಿತು. ಬೆರಳಲ್ಲಿ ಹಿಡಿದು ಬಿಳಿ ಟವೆಲಿನ ಮೇಲೆ ಬಿಟ್ಟೆ. ಎಳ್ಳಿನಷ್ಟು ದಪ್ಪ. ಹೊಟ್ಟೆಯ ನಡುವೆ ಒಂದು ಕಪ್ಪು ಗೆರೆ. ಅದು ನನ್ನದೇ ರಕ್ತ ಅಂತ ಹೊಳೆದಾಗ ಕೂತಲ್ಲೇ ಕೂತುಬಿಟ್ಟೆ.

ಹೇನು ಮಕ್ಕಳ ಕಾಯಿಲೆ ಅಂತಲೇ ಇಷ್ಟು ದಿನ ನಂಬಿದ್ದೆ. 14 ವರ್ಷದ ಮಗನಿಗೆ ಇಲ್ಲ, ಗಂಡನಿಗೂ ಇಲ್ಲ. ಅತ್ತೆಗೆ 72. ಅವರನ್ನು ಕೇಳಲು ಧೈರ್ಯ ಸಾಲುತ್ತಿಲ್ಲ. ಯಾವ ವಯಸ್ಸಿನವರಿಗೆ ಇದು ಎಷ್ಟು ಸಾಮಾನ್ಯ? ದೊಡ್ಡವರಲ್ಲಿ ಯಾರಿಗಾದರೂ ಆಗಿದೆಯಾ, ಅಥವಾ ನನಗೊಬ್ಬಳಿಗೇನಾ?

ಎರಡು ಜಡೆ
ನಿಮಗೊಬ್ಬರಿಗೇ ಅಲ್ಲ. ನನಗೆ 36ರಲ್ಲಿ ಆಗಿತ್ತು. ಯಾರಿಗೂ ಹೇಳಿರಲಿಲ್ಲ. ಇವತ್ತೇ ಮೊದಲು.

ಕಪ್ಪುಹಲಗೆ
22 ವರ್ಷದಿಂದ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ನಾನು ಕಂಡಂತೆ 5ರಿಂದ 10 ವರ್ಷದವರಲ್ಲೇ ಜಾಸ್ತಿ. ಅವರು ಕೂರುವುದನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ನೆಲದ ಮೇಲೆ ಒಂದು ಚಿತ್ರದ ಪುಸ್ತಕ ಬಿಡಿಸಿಟ್ಟರೆ ಸಾಕು, ಐದು ತಲೆ ಒಂದಕ್ಕೊಂದು ತಾಗಿಕೊಂಡು ಬಗ್ಗುತ್ತವೆ. ಗುಟ್ಟು ಹೇಳುವಾಗ ಹಣೆಗೆ ಹಣೆ ತಾಗಿಸುತ್ತಾರೆ. ಹುಡುಗಿಯರು ಇನ್ನೂ ಹತ್ತಿರ ಕೂರುತ್ತಾರೆ, ಒಬ್ಬರ ಜಡೆ ಇನ್ನೊಬ್ಬರು ಹೆಣೆಯುತ್ತಾರೆ. ಹುಡುಗರು ದೂರದಿಂದ ತಳ್ಳಾಡುತ್ತಾರೆ ಅಷ್ಟೇ. ಹೇನಿಗೆ ರೆಕ್ಕೆ ಇಲ್ಲ, ಹಾರುವುದಿಲ್ಲ. ನೆಗೆಯುವುದೂ ಇಲ್ಲ. ಕೂದಲಿಂದ ಕೂದಲಿಗೆ ನಡೆದುಕೊಂಡೇ ಹೋಗಬೇಕು.

ದೊಡ್ಡ ತರಗತಿಗೆ ಬಂದ ಹಾಗೆ ಕಡಿಮೆಯಾಗುತ್ತದೆ. ಆ ವಯಸ್ಸಿನವರು ಒಬ್ಬರಿಂದೊಬ್ಬರು ಸ್ವಲ್ಪ ದೂರ ಕೂರಲು ಶುರುಮಾಡುತ್ತಾರೆ.

ನೇರಮಾತು
ಬೇಜಾರು ಮಾಡಿಕೊಳ್ಳಬೇಡಿ. ದೊಡ್ಡವರಿಗೆ ಹೇನಾಗುತ್ತದೆ ಅಂದ್ರೆ ತಲೆ ಸರಿಯಾಗಿ ತೊಳೆಯುತ್ತಿಲ್ಲ ಅಂತ ಅರ್ಥ. ಮಕ್ಕಳಿಗೆ ತಿಳಿಯುವುದಿಲ್ಲ, ಸರಿ. ದೊಡ್ಡವರಿಗೂ ತಿಳಿಯದಾ?

ಎರಡು ಜಡೆ
ನಾನು ದಿನ ಬಿಟ್ಟು ದಿನ ತಲೆ ತೊಳೆಯುತ್ತಿದ್ದೆ, ಸ್ವಾಮಿ. ಆದರೂ ಆಯಿತು. ಇಂಥ ಮಾತಿಗೆ ಹೆದರಿಯೇ ಯಾರಿಗೂ ಹೇಳಿರಲಿಲ್ಲ.

ನೈಟ್ ಡ್ಯೂಟಿ
ನರ್ಸ್ ಆಗಿ ಕೆಲಸ ಮಾಡುತ್ತೇನೆ. ನೇರಮಾತು ಅವರೇ, ಇದು ತಪ್ಪು. ತಲೆಹೇನಿಗೆ ಬೇಕಾದದ್ದು ಕೂದಲು ಮತ್ತು ಬಿಸಿ ನೆತ್ತಿ. ಕೂದಲು ತೊಳೆದಿದೆಯೋ ಇಲ್ಲವೋ ಅದಕ್ಕೆ ಲೆಕ್ಕಕ್ಕಿಲ್ಲ. ನೀರು ಬಿದ್ದರೆ ಕೂದಲನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂರುತ್ತದೆ.

ನೀವು ಬಹುಶಃ ಕೂರೆಯ ಜೊತೆ ಸೇರಿಸಿ ಹೇಳುತ್ತಿದ್ದೀರಿ. ಬಟ್ಟೆಯ ಹೊಲಿಗೆಯಲ್ಲಿ ಇರುತ್ತದಲ್ಲ, ಅದು ಬೇರೆ. ಬಟ್ಟೆ ಬದಲಾಯಿಸಲು, ಒಗೆಯಲು ಆಗದ ಸ್ಥಿತಿಯಲ್ಲಿ ಇರುವವರಿಗೆ ಅದು ಆಗುತ್ತದೆ. ಟೈಫಸ್ ಜ್ವರ ಹರಡುವುದು ಅದೇ. 1909ರಲ್ಲಿ ಫ್ರೆಂಚ್ ವಿಜ್ಞಾನಿ ಚಾರ್ಲ್ಸ್ ನಿಕೋಲ್ ಅದನ್ನು ತೋರಿಸಿಕೊಟ್ಟರು, 1928ರಲ್ಲಿ ನೊಬೆಲ್ ಬಂತು. ತಲೆಹೇನು ಹಾಗೆ ಕಾಯಿಲೆ ಹರಡಿಕೊಂಡು ಓಡಾಡುವುದಿಲ್ಲ. ತುರಿಕೆ, ನಿದ್ದೆಗೇಡು, ಕೆರೆದು ಕೆರೆದು ಗಾಯ. ತೊಂದರೆ ಇಷ್ಟು.

ವಯಸ್ಸಿನ ವಿಷಯಕ್ಕೆ ಬಂದರೆ, ಎಲ್ಲ ಕಡೆಯೂ 3ರಿಂದ 11 ವರ್ಷದ ಮಕ್ಕಳೇ ಮುಂದೆ. ಅವರಾದ ಮೇಲೆ ಆ ಮಕ್ಕಳ ಜೊತೆ ಮಲಗುವವರು, ಅವರ ತಲೆ ಬಾಚುವವರು. ಅಂದ್ರೆ ಹೆಚ್ಚಾಗಿ ಅಮ್ಮಂದಿರು. ನೀವು ಆ ಸಾಲಿನಲ್ಲೇ ಇದ್ದೀರಿ, ಸಂಜೆಮಲ್ಲಿಗೆ. ಆಶ್ಚರ್ಯ ಪಡುವಂಥದ್ದು ಏನೂ ಇಲ್ಲ.

ಲೆಕ್ಕಾಚಾರ
ಯಾರಾದರೂ ಅಂಕಿ ಸಂಖ್ಯೆ ಕೊಡಿ. "ಜಾಸ್ತಿ" ಅಂದ್ರೆ ಎಷ್ಟು ಜಾಸ್ತಿ?

ನೈಟ್ ಡ್ಯೂಟಿ
ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಒಂದು ಅಂದಾಜು ಕೊಡುತ್ತದೆ. ಅಲ್ಲಿ 3ರಿಂದ 11 ವರ್ಷದ ಮಕ್ಕಳಲ್ಲಿ ವರ್ಷಕ್ಕೆ 60 ಲಕ್ಷದಿಂದ 1 ಕೋಟಿ 20 ಲಕ್ಷ ಸಲ ಹೇನಾಗುತ್ತದೆ ಅಂತ.

ಲೆಕ್ಕಾಚಾರ
60 ಲಕ್ಷ ಎಲ್ಲಿ, 1 ಕೋಟಿ 20 ಲಕ್ಷ ಎಲ್ಲಿ! ಎರಡು ಪಟ್ಟು ವ್ಯತ್ಯಾಸ. ತಲೆ ಎಣಿಸಿದ ಲೆಕ್ಕ ಹೀಗಿರುವುದಿಲ್ಲ. ಮತ್ತೆ ಇನ್ನೊಂದು ಮಾತು. ಹೇನು ಹುಡುಕುವುದೇ ಮಕ್ಕಳ ತಲೆಯಲ್ಲಿ. ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ನೋಡಬಹುದು. ಆಫೀಸಿನಲ್ಲಿ 45 ವರ್ಷದವರನ್ನು ಯಾರು ಸಾಲಾಗಿ ನಿಲ್ಲಿಸುತ್ತಾರೆ? ನೋಡದ ತಲೆಯಲ್ಲಿ ಹೇನು ಸಿಗುವುದಿಲ್ಲ.

ಕಪ್ಪುಹಲಗೆ
ಇದು ಸರಿಯಾದ ಮಾತು. ಆದರೆ ನೋಡುವುದು ಕಡಿಮೆ ಅಂತ ದೊಡ್ಡವರಲ್ಲೂ ಮಕ್ಕಳಷ್ಟೇ ಇದೆ ಅನ್ನಲು ಬರುವುದಿಲ್ಲ. ದೊಡ್ಡವರು ತಲೆಗೆ ತಲೆ ತಾಗಿಸಿ ಕೂರುವುದು ದಿನಕ್ಕೆ ಎಷ್ಟು ನಿಮಿಷ?

ಲೆಕ್ಕಾಚಾರ
ಒಪ್ಪಿದೆ. ಕಡಿಮೆಯೇ. ಆದರೆ ನಾವು ಅಂದುಕೊಂಡಷ್ಟು ಕಡಿಮೆ ಅಲ್ಲ ಅಂತ ನನ್ನ ವಾದ.

ಹಾಸ್ಟೆಲ್ ಕಿಟಕಿ
19 ವರ್ಷದವರನ್ನು ಎಲ್ಲರೂ ಬಿಟ್ಟೇಬಿಟ್ಟಿರಿ. ನಮ್ಮ ರೂಮಿನಲ್ಲಿ ನಾಲ್ವರು. ಪರೀಕ್ಷೆಗೆ ಓದುವಾಗ ಎರಡು ಮಂಚ ಜೋಡಿಸಿ ಮಲಗುತ್ತಿದ್ದೆವು. ಒಬ್ಬಳಿಗೆ ಆಯಿತು, ಎರಡು ತಿಂಗಳೊಳಗೆ ನಾಲ್ವರಿಗೂ ಆಯಿತು. ಒಬ್ಬೊಬ್ಬರೂ ನಮಗೊಬ್ಬರಿಗೇ ಅಂತ ಮುಚ್ಚಿಟ್ಟುಕೊಂಡು ಬಾತ್‌ರೂಮಿನಲ್ಲಿ ಕದ್ದು ಬಾಚಿಕೊಳ್ಳುತ್ತಿದ್ದೆವು. ಒಂದು ರಾತ್ರಿ ಇಬ್ಬರು ಒಂದೇ ಹೊತ್ತಿಗೆ ಹೇನು ಬಾಚಣಿಗೆ ಹಿಡಿದುಕೊಂಡು ಬಾತ್‌ರೂಮಿನ ಬಾಗಿಲಲ್ಲಿ ಎದುರಾದೆವು. ಆಮೇಲೆ ನಾಲ್ವರೂ ಸಾಲಾಗಿ ಕೂತು, ಒಬ್ಬಳ ಹಿಂದೆ ಒಬ್ಬಳು, ಬಾಚಿದ್ದೇ ಬಾಚಿದ್ದು. ಅವತ್ತು ಹೊರಗೆ ಹೇಳಿದ್ದರೆ ಮೊದಲನೇ ವಾರದಲ್ಲೇ ಮುಗಿಯುತ್ತಿತ್ತು.

ಇಬ್ಬರು ಹೆಣ್ಮಕ್ಕಳ ಅಪ್ಪ
ಸೀಮೆಎಣ್ಣೆ ಹಚ್ಚಿ ಬಟ್ಟೆ ಕಟ್ಟಿದರೆ ಒಂದೇ ರಾತ್ರಿಗೆ ಹೋಗುತ್ತದೆ ಅಂತಾರಲ್ಲ, ಯಾರಾದರೂ ಮಾಡಿದ್ದೀರಾ?

ನೈಟ್ ಡ್ಯೂಟಿ
ದಯವಿಟ್ಟು ಬೇಡ. ಯಾವ ವಯಸ್ಸಿನವರಿಗೂ ಬೇಡ. ಹತ್ತಿರದಲ್ಲಿ ಒಂದು ಕಿಡಿ ಇದ್ದರೆ ತಲೆಗೇ ಬೆಂಕಿ ಹತ್ತುತ್ತದೆ. ನೆತ್ತಿಯ ಚರ್ಮ ಸುಡುತ್ತದೆ, ಮಗು ಆ ಹೊಗೆಯಂಥ ವಾಸನೆಯನ್ನು ರಾತ್ರಿಯಿಡೀ ಉಸಿರಾಡುತ್ತದೆ. ಪೆಟ್ರೋಲ್, ತಿಗಣೆ ಔಷಧ, ಬೆಳೆಗೆ ಹೊಡೆಯುವ ಔಷಧ, ಇದ್ಯಾವುದೂ ತಲೆಗಲ್ಲ. ಹೇನಿನಿಂದ ಯಾರೂ ಸಾಯುವುದಿಲ್ಲ. ಇವುಗಳಿಂದ ಸತ್ತಿದ್ದಾರೆ.

ಇಬ್ಬರು ಹೆಣ್ಮಕ್ಕಳ ಅಪ್ಪ
ಕೇಳಿದ್ದು ಒಳ್ಳೆಯದೇ ಆಯಿತು. ಮಾಡುವುದಿಲ್ಲ. ಚಿಕ್ಕವಳಿಗೆ ಇನ್ನೂ ಒಂದೂವರೆ ವರ್ಷ. ಅಷ್ಟು ಚಿಕ್ಕವರಿಗೂ ಆಗುತ್ತಾ?

ನೈಟ್ ಡ್ಯೂಟಿ
ಆಗುತ್ತದೆ, ಕಡಿಮೆ. ಕೂಸುಗಳಿಗೆ ಕೂದಲು ತೆಳು, ಬೇರೆ ಮಕ್ಕಳ ಜೊತೆ ಬೆರೆಯುವುದೂ ಕಡಿಮೆ. ಆದರೆ ಅಕ್ಕನ ಪಕ್ಕ ಮಲಗಿದರೆ ಬರಬಹುದು. ಹೇನು ಕೊಲ್ಲುವ ಪರ್ಮೆಥ್ರಿನ್ 1 ಶೇಕಡಾ ಲೋಷನ್ 2 ತಿಂಗಳು ತುಂಬಿದ ಮಗುವಿನಿಂದ ಬಳಸಬಹುದು. ಅದಕ್ಕಿಂತ ಚಿಕ್ಕ ಕೂಸಿಗೆ ಔಷಧ ಬೇಡ, ಕೈಯಲ್ಲಿ ಹೆಕ್ಕಬೇಕು. ಎರಡು ವರ್ಷದೊಳಗಿನವರಿಗೆ ಏನೇ ಹಾಕುವ ಮುಂಚೆ ಡಾಕ್ಟರನ್ನು ಕೇಳಿ.

ಕತ್ತರಿ
ಕೂದಲು ಕತ್ತರಿಸುವುದೇ ನನ್ನ ಕೆಲಸ. ದಿನಕ್ಕೆ ಹತ್ತಾರು ತಲೆ, ಎಲ್ಲ ವಯಸ್ಸಿನವರದ್ದು. ಲೆಕ್ಕಾಚಾರ ಹೇಳಿದ್ದು ನಿಜ. 30 ದಾಟಿದ ಹೆಂಗಸರಲ್ಲಿ ಆಗಾಗ ಕಾಣುತ್ತದೆ. ಕೇಳಿದರೆ ಹತ್ತರಲ್ಲಿ ಒಂಬತ್ತು ಜನ "ಹೊಟ್ಟು" ಅಂತಾರೆ. ನಾನು ಬೆರಳಲ್ಲಿ ಒಂದು ಎಳೆ ಎತ್ತಿ ಊದುತ್ತೇನೆ. ಹೊಟ್ಟಾದರೆ ಹಾರುತ್ತದೆ. ಸೀರಾದರೆ ಅಲ್ಲಾಡುವುದಿಲ್ಲ, ಗೋಂದು ಹಾಕಿ ಅಂಟಿಸಿದ ಹಾಗೆ ಒಂದು ಕಡೆಗೆ ವಾಲಿಕೊಂಡು ಕೂತಿರುತ್ತದೆ. ಕಿವಿಯ ಹಿಂದೆ, ಕತ್ತಿನ ಮೇಲೆ ನೋಡಿ. ನಡುನೆತ್ತಿಯಲ್ಲಿ ಹುಡುಕಿ ಸಿಗಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಗಂಡಸರಲ್ಲಿ ಕಡಿಮೆ. ಆದರೆ ಉದ್ದ ಕೂದಲು ಬಿಟ್ಟ ಹುಡುಗರಲ್ಲಿ ಕಂಡಿದ್ದೇನೆ.

ನೇರಮಾತು
ಸರಿ, ತೊಳೆಯುವ ಮಾತು ತಪ್ಪಾಯಿತು. ಹಿಂದಕ್ಕೆ ತೆಗೆದುಕೊಂಡೆ. ಆದರೆ ಇದಕ್ಕೆ ಸುಲಭ ದಾರಿ ಇದೆಯಲ್ಲ. ಮಕ್ಕಳ ತಲೆ ಬೋಳಿಸಿಬಿಡಿ. ಕೂದಲು ಮತ್ತೆ ಬರುತ್ತದೆ.

ಒಂಬತ್ತನೇ ವಯಸ್ಸು
ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನನಗೆ 9 ವರ್ಷ ಇದ್ದಾಗ ಹೇನಾಯಿತು. ಒಂದು ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಸ್ಟೂಲಿನ ಮೇಲೆ ಕೂರಿಸಿ ಪೂರ್ತಿ ಬೋಳಿಸಿದರು. ಸೊಂಟದವರೆಗೆ ಜಡೆ ಇತ್ತು. ಜಡೆ ಹಾಗೇ ಇಡಿಯಾಗಿ ಮಡಿಲಿಗೆ ಬಿತ್ತು, ತುದಿಯಲ್ಲಿ ಕೆಂಪು ರಿಬ್ಬನ್ ಇನ್ನೂ ಇತ್ತು. ನಾನು ಅದನ್ನು ಹಿಡಿದುಕೊಂಡು ಸಂಜೆಯವರೆಗೂ ಬಿಡಲಿಲ್ಲ ಅಂತ ಈಗಲೂ ಮನೆಯಲ್ಲಿ ಹೇಳುತ್ತಾರೆ. ಮರುದಿನ ಶಾಲೆಯಲ್ಲಿ ಪಕ್ಕದವಳು ಬೇರೆ ಬೆಂಚಿಗೆ ಹೋದಳು. ಇಡೀ ತರಗತಿಯಲ್ಲಿ ಹೇನಿದ್ದವರು ಏಳೆಂಟು ಜನ ಇದ್ದಿರಬಹುದು. ಎಲ್ಲರಿಗೂ ಕಂಡದ್ದು ನನ್ನ ತಲೆ ಮಾತ್ರ.

ಈಗ ನನಗೆ 50. ಕೂದಲು ಮತ್ತೆ ಬಂತು, ನಿಜ. ಬಾಚಣಿಗೆಯಲ್ಲಿ ಎರಡು ವಾರದಲ್ಲಿ ಮುಗಿಯುವ ಕೆಲಸಕ್ಕೆ ದಯವಿಟ್ಟು ಮಕ್ಕಳನ್ನು ಹೀಗೆ ಮಾಡಬೇಡಿ.

ನೇರಮಾತು
ಕ್ಷಮಿಸಿ. ಹಾಗೆ ಯೋಚನೆ ಮಾಡಿರಲಿಲ್ಲ.

ಹಳೇ ಪುಟ
ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಆದರೆ ವಿಷಯ ಇದೇ. ಇಸ್ರೇಲಿನ ಲಾಕಿಶ್ ಅನ್ನುವ ಹಳೇ ಪಟ್ಟಣದ ಅಗೆತದಲ್ಲಿ ಆನೆದಂತದ ಒಂದು ಪುಟ್ಟ ಬಾಚಣಿಗೆ ಸಿಕ್ಕಿತು. ಸುಮಾರು 3,700 ವರ್ಷ ಹಳೆಯದು ಅಂತಾರೆ. ಅದರ ಮೇಲೆ ಆಗ ಅಲ್ಲಿದ್ದ ಕಾನಾನ್ ಜನರ ಅಕ್ಷರದಲ್ಲಿ ಒಂದು ಸಾಲು ಕೊರೆದಿದ್ದಾರೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ಅಕ್ಷರ. 2022ರಲ್ಲಿ ಓದಿದ್ದನ್ನು ಪ್ರಕಟಿಸಿದರು. ಈ ದಂತ ತಲೆಕೂದಲಿನ, ಗಡ್ಡದ ಹೇನು ಕಿತ್ತುಹಾಕಲಿ ಅಂತ ಅದರ ಅರ್ಥ. ಆ ಅಕ್ಷರದಲ್ಲಿ ನಮಗೆ ಸಿಕ್ಕಿದ ಮೊದಲ ಪೂರ್ತಿ ವಾಕ್ಯ ಅದೇ.

ಗಡ್ಡ ಅಂತ ಬರೆದಿದ್ದಾರೆ, ಗಮನಿಸಿ. ಮಕ್ಕಳಿಗೆ ಗಡ್ಡ ಇರುವುದಿಲ್ಲ. ದೊಡ್ಡವರ ಹೇನು ಹೊಸದೇನಲ್ಲ.

ಹಾಸ್ಟೆಲ್ ಕಿಟಕಿ
ಮೊದಲ ವಾಕ್ಯ ಹೇನಿನ ಬಗ್ಗೆ! ಇದನ್ನು ನನ್ನ ರೂಮಿನ ಮೂವರಿಗೂ ಈಗಲೇ ಕಳಿಸುತ್ತೇನೆ.

ಸಂಜೆಮಲ್ಲಿಗೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದುತ್ತಾ ಕಣ್ಣು ತುಂಬಿತು. ಒಂದು ಅನುಮಾನ. ಮಗಳ ತಲೆಯಲ್ಲಿ ಇನ್ನೂ ಸೀರು ಕಾಣುತ್ತಿದೆ. ಅಂದ್ರೆ ಹೋಗಿಲ್ಲ ಅಂತಾನಾ? ಶಾಲೆಯಲ್ಲಿ ಸೀರು ಕಂಡರೂ ಮನೆಗೆ ಕಳಿಸುತ್ತಾರೆ. ಎರಡು ಸಲ ಕಳಿಸಿದರು.

ಕತ್ತರಿ
ನೆತ್ತಿಯಿಂದ ಎಷ್ಟು ದೂರದಲ್ಲಿದೆ ನೋಡಿ. ಹೇನು ಮೊಟ್ಟೆ ಇಡುವುದು ನೆತ್ತಿಗೆ ಅಂಟಿಕೊಂಡ ಹಾಗೆ, ಅಲ್ಲಿ ಬಿಸಿ ಇರುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನೆತ್ತಿಯಿಂದ 1 ಸೆಂಟಿಮೀಟರಿಗಿಂತ ಆಚೆ ಇರುವ ಸೀರು ಹೆಚ್ಚಾಗಿ ಖಾಲಿ ಚಿಪ್ಪು. ಮರಿ ಎಂದೋ ಹೊರಗೆ ಬಂದಿರುತ್ತದೆ.

ಕಪ್ಪುಹಲಗೆ
ಖಾಲಿ ಚಿಪ್ಪಿಗೆ ಮಗುವನ್ನು ಮನೆಗೆ ಕಳಿಸುವುದು ಅನ್ಯಾಯ. ನಾನು ಟೀಚರ್ ಆಗಿಯೇ ಹೇಳುತ್ತೇನೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇನಿನ ಕಾರಣಕ್ಕೆ ಮಗುವಿಗೆ ಪಾಠ ತಪ್ಪಿಸಬಾರದು ಅಂತಲೇ ಹೇಳುತ್ತದೆ. ಜೀವಂತ ಹೇನು ಕಂಡರೂ ಆ ದಿನದ ತರಗತಿ ಮುಗಿಸಿ, ಸಂಜೆ ಮನೆಯವರಿಗೆ ಮೆಲ್ಲಗೆ ತಿಳಿಸಿದರೆ ಸಾಕು. ಅದು ಆ ತಲೆಯಲ್ಲಿ ವಾರಗಟ್ಟಲೆ ಇದ್ದಿರುತ್ತದೆ. ಇನ್ನೊಂದು ನಾಲ್ಕು ಗಂಟೆಯಲ್ಲಿ ಏನಾಗಿಬಿಡುತ್ತದೆ?

ನೈಟ್ ಡ್ಯೂಟಿ
ಆ ವಾರಗಟ್ಟಲೆ ಅನ್ನುವ ಮಾತು ಎಲ್ಲರೂ ನೆನಪಿಡಬೇಕಾದದ್ದು. ಮೊದಲ ಸಲ ಹೇನಾದಾಗ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕಾಗಬಹುದು. ತುರಿಕೆ ಬರುವುದು ಹೇನಿನ ಎಂಜಲಿಗೆ ನಮ್ಮ ಮೈ ಒಗ್ಗದೆ. ಕೆಲವರಿಗೆ ತುರಿಕೆಯೇ ಬರುವುದಿಲ್ಲ. ಹಾಗಾಗಿ "ತುರಿಸುತ್ತಿಲ್ಲ, ನನಗಿಲ್ಲ" ಅನ್ನುವಂತಿಲ್ಲ. ಸಂಜೆಮಲ್ಲಿಗೆ, ನಿಮ್ಮ ಮಗ, ಗಂಡ ಇಬ್ಬರದ್ದೂ ಬಾಚಿ ನೋಡಿದ್ದೀರಾ, ಅಥವಾ ಕೇಳಿದ್ದೀರಾ ಅಷ್ಟೇ?

ಸಂಜೆಮಲ್ಲಿಗೆ
ಕೇಳಿದ್ದೆ ಅಷ್ಟೇ.

ನೈಟ್ ಡ್ಯೂಟಿ
ಹಾಗಾದರೆ ಬಾಚಿ. ಕೂದಲು ಒದ್ದೆ ಮಾಡಿ, ಕಂಡೀಷನರ್ ಧಾರಾಳವಾಗಿ ಹಚ್ಚಿ. ಹೇನು ಜಾರುತ್ತದೆ, ಓಡಲಾಗುವುದಿಲ್ಲ. ನೆತ್ತಿಗೆ ತಾಗಿಸಿ ತುದಿಯವರೆಗೆ ಬಾಚಿ, ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಿ ನೋಡಿ. ಬರಿಗಣ್ಣಿನಿಂದ ನೋಡುವುದಕ್ಕೂ ಇದಕ್ಕೂ ಅಜಗಜಾಂತರ. ಜರ್ಮನಿಯ ಶಾಲಾಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2009ರಲ್ಲಿ ಬಂತು. ಜೀವಂತ ಹೇನಿದ್ದ ನೂರು ತಲೆಯಲ್ಲಿ ಒದ್ದೆ ಬಾಚಣಿಗೆ ಸುಮಾರು 90 ಹಿಡಿಯಿತು. ಬರಿಗಣ್ಣಿಗೆ ಕಂಡದ್ದು 30ಕ್ಕೂ ಕಡಿಮೆ.

ಲೆಕ್ಕಾಚಾರ
ನೋಡಿ! ಮಕ್ಕಳಲ್ಲೇ ಕಣ್ಣಿಗೆ ಮೂರರಲ್ಲಿ ಎರಡು ತಪ್ಪಿಹೋಗುತ್ತದೆ. ಇನ್ನು ಯಾರೂ ನೋಡದ ದೊಡ್ಡವರ ಲೆಕ್ಕ ಎಲ್ಲಿಂದ ಸಿಗಬೇಕು?

ಎರಡು ಜಡೆ
ಔಷಧ ಹಾಕಿದ ಮೇಲೂ ಬಾಚಬೇಕಾ?

ನೈಟ್ ಡ್ಯೂಟಿ
ಬಾಚಲೇಬೇಕು. ಪರ್ಮೆಥ್ರಿನ್ ಮೊಟ್ಟೆಯನ್ನು ಪೂರ್ತಿ ಕೊಲ್ಲುವುದಿಲ್ಲ. ಹೆಣ್ಣು ಹೇನು ದಿನಕ್ಕೆ ಎಂಟರಂತೆ ಮೊಟ್ಟೆ ಇಡುತ್ತದೆ. ಅವು ಒಡೆಯಲು ಸುಮಾರು ಒಂದು ವಾರ, ಹತ್ತು ದಿನ ಬೇಕು. ಅದಕ್ಕೇ 9ನೇ ದಿನಕ್ಕೆ ಎರಡನೇ ಸಲ ಹಾಕಿ ಅಂತಾರೆ. ಎಷ್ಟೋ ಕಡೆ ಹೇನು ಆ ಔಷಧಕ್ಕೆ ಬಗ್ಗುತ್ತಲೂ ಇಲ್ಲ. ಆಗ ಡೈಮೆಥಿಕೋನ್ ಇದೆ, ಅದು ವಿಷ ಅಲ್ಲ, ಹೇನಿನ ಮೈ ಮುಚ್ಚಿ ಉಸಿರು ಕಟ್ಟಿಸುತ್ತದೆ. ಔಷಧವೇ ಬೇಡ ಅನ್ನುವವರು 1, 5, 9, 13ನೇ ದಿನ ಒದ್ದೆ ಕೂದಲು ಬಾಚಿ, 17ನೇ ದಿನ ಪರೀಕ್ಷೆ ಮಾಡಬೇಕು. ಒಂದು ದಿನ ತಪ್ಪಿಸಿದರೂ ಮರಿ ಬೆಳೆದು ಮತ್ತೆ ಮೊಟ್ಟೆ ಇಡುತ್ತದೆ.

ಇಬ್ಬರು ಹೆಣ್ಮಕ್ಕಳ ಅಪ್ಪ
ಹಾಸಿಗೆ, ಸೋಫಾ, ನಾಯಿ? ಎಲ್ಲಕ್ಕೂ ಔಷಧ ಹೊಡೆಯಬೇಕಾ?

ಕತ್ತರಿ
ನಾಯಿಯನ್ನು ಬಿಟ್ಟುಬಿಡಿ, ಮನುಷ್ಯರ ಹೇನು ನಾಯಿಗೆ ಬರುವುದಿಲ್ಲ. ತಲೆಯಿಂದ ಕೆಳಗೆ ಬಿದ್ದ ಹೇನು ರಕ್ತ ಸಿಗದೆ ಒಂದೆರಡು ದಿನದಲ್ಲಿ ಸಾಯುತ್ತದೆ. ದಿಂಬಿನ ಹೊದಿಕೆ, ಟವೆಲ್ ಬಿಸಿನೀರಿನಲ್ಲಿ ಒಗೆಯಿರಿ, ಬಾಚಣಿಗೆ ಬಿಸಿನೀರಿನಲ್ಲಿ ಅದ್ದಿ. ಸೋಫಾಕ್ಕೆ ಕೊಡುವ ಸಮಯವನ್ನು ತಲೆಗೆ ಕೊಡಿ.

ಅಜ್ಜಿಯ ಕೋಣೆ
ಸಂಜೆಮಲ್ಲಿಗೆ, ನಿಮ್ಮ ಅತ್ತೆಯ ವಿಷಯ. ನಾನು ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಅವರಲ್ಲಿ ಕಡಿಮೆ ಅನ್ನುವುದು ನಿಜ. ಕೂದಲು ಉದುರಿರುತ್ತದೆ, ಹೇನಿಗೆ ಹಿಡಿದುಕೊಳ್ಳಲು ಜಾಗ ಕಡಿಮೆ. ಆದರೆ ಆದಾಗ ಎಲ್ಲರಿಗಿಂತ ಹೆಚ್ಚು ದಿನ ಉಳಿಯುವುದು ಅವರಲ್ಲೇ. ಬೇರೆಯವರು ತಲೆ ನೋಡುವುದಿಲ್ಲ, ಅವರು ಹೇಳುವುದಿಲ್ಲ. ನಾನು ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜಿ ಯಾರು ಹತ್ತಿರ ಹೋದರೂ ತಲೆ ಆಚೆ ತಿರುಗಿಸುತ್ತಿದ್ದರು. ಕೋಪ ಅಂದುಕೊಂಡಿದ್ದೆವು. ನಮಗೆ ಅಂಟಬಾರದು ಅಂತ ಅವರು ಹಾಗೆ ಮಾಡುತ್ತಿದ್ದರು.

ಕೇಳಬೇಡಿ. "ಎಲ್ಲರದ್ದೂ ಬಾಚುತ್ತಿದ್ದೇನೆ, ಈಗ ನಿಮ್ಮ ಸರದಿ" ಅನ್ನಿ.

ಸಂಜೆಮಲ್ಲಿಗೆ
ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ.

ಭಾನುವಾರ ಎಲ್ಲರದ್ದೂ ಬಾಚಿದೆ. ಮಗನಿಗೆ ನಿಜಕ್ಕೂ ಇಲ್ಲ. ಗಂಡನ ತಲೆಯಲ್ಲಿ ಒಂದು ಸಿಕ್ಕಿತು, ತುರಿಕೆ ಒಂದು ಚೂರೂ ಇರಲಿಲ್ಲವಂತೆ. ನನ್ನದರಲ್ಲಿ ಒಂಬತ್ತು. ಮಗಳದರಲ್ಲಿ ಎರಡು ಮರಿ.

ಆಮೇಲೆ ಅತ್ತೆಯ ಹತ್ತಿರ ಹೋಗಿ ಸರದಿಯ ಮಾತು ಹೇಳಿದೆ. ಅವರು ಏನೂ ಮಾತಾಡದೆ ಜುಟ್ಟು ಬಿಚ್ಚಿ ಬೆನ್ನು ತಿರುಗಿಸಿ ಕೂತರು. ಬಿಳಿ ಕೂದಲು, ಬೆರಳಿಗೆ ಸಿಗದಷ್ಟು ತೆಳು. ಕತ್ತಿನ ಹತ್ತಿರ ಕೆರೆದು ಕೆರೆದು ಕೆಂಪಾಗಿತ್ತು. ಬಿಳಿ ಬಟ್ಟೆಯ ಮೇಲೆ ಒಂದೊಂದಾಗಿ ನಾಲ್ಕು ಬಿದ್ದವು. ಎರಡು ತಿಂಗಳಿಂದ ಇದೆ ಅಂದರು. ಮಗಳು ಅವರ ಪಕ್ಕದಲ್ಲೇ ಮಲಗುತ್ತಿದ್ದಳು, ಹೋದ ತಿಂಗಳು ಇವರೇ "ನಿನ್ನ ಅಮ್ಮನ ಹತ್ತಿರ ಮಲಗು" ಅಂತ ಕಳಿಸಿಬಿಟ್ಟಿದ್ದರು. ಮಗು ಅಜ್ಜಿಗೆ ನನ್ನ ಮೇಲೆ ಸಿಟ್ಟು ಅಂತ ಅತ್ತಿದ್ದಳು. ಕಾರಣ ನಮಗೆ ಈಗ ಗೊತ್ತಾಯಿತು.

ಒಂಬತ್ತನೇ ವಯಸ್ಸು
ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ.

ನೇರಮಾತು
ನಿನ್ನೆ ನಾನೂ ಹೇನು ಬಾಚಣಿಗೆ ತಂದೆ. ನನ್ನ ಅಮ್ಮನಿಗೆ 68. ಇವತ್ತು ಸಂಜೆ ಬಾಚುತ್ತೇನೆ. ಹಲ್ಲು ಲೋಹದ್ದು ಇರಬೇಕಾ, ಪ್ಲಾಸ್ಟಿಕ್ ಸಾಕಾ?

ಕತ್ತರಿ
ಹಲ್ಲುಗಳ ನಡುವೆ ಸಂದು ತೀರಾ ಕಡಿಮೆ ಇರಬೇಕು, ಅದೇ ಮುಖ್ಯ. ಲೋಹದ್ದು ಬಾಗುವುದಿಲ್ಲ, ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ವಯಸ್ಸಾದವರ ನೆತ್ತಿ ಮೆತ್ತಗಿರುತ್ತದೆ. ಒತ್ತಬೇಡಿ, ಕಂಡೀಷನರ್ ಜಾಸ್ತಿ ಹಾಕಿ, ನಿಧಾನ ಎಳೆಯಿರಿ.

ಸಂಜೆಮಲ್ಲಿಗೆ
ನಾಳೆ ನಮ್ಮದು 5ನೇ ದಿನ. ಮಗಳು ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದಾಳೆ. ಮೊದಲು ಅಜ್ಜಿ, ಆಮೇಲೆ ಅವಳು, ಆಮೇಲೆ ನಾನು.